ಒಲೆಯ ಹೊಗೆ, ಮುಪ್ಪಿನ ದಮ್ಮು



ಹೊಗೆ ಅಂದಕೂಡಲೇ ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ಕಣ್ಣ ಮುಂದೆ ಬರುತ್ತದೆ. ಬಸ್ಸು, ಆಟೋ, ಲಾರಿ. ಇವತ್ತು ನಾವು ಮಾತಾಡುವ ಹೊಗೆ ರಸ್ತೆಯದಲ್ಲ. ನಮ್ಮ ಅಡಿಗೆಮನೆಯದು, ಬಚ್ಚಲ ಒಲೆಯದು.

"ಮನ್ಯಾಗ ಗ್ಯಾಸ್ ಐತ್ರಿ, ಹೊಗಿ ಎಲ್ಲಿಂದ ಬಂತು?" ಅಂತ ನೀವು ಕೇಳಬಹುದು. ಖರೆ. 2016ರಲ್ಲಿ ಉಜ್ವಲಾ ಯೋಜನೆ ಬಂತು. ಬಡವರ ಮನೆಗೂ ಸಿಲಿಂಡರ್ ಬಂತು. ಚಹಾ, ಪಲ್ಯ ಅದರ ಮೇಲೆ ಆಗುತ್ತವೆ. ಆದರೆ ಜೋಳದ ರೊಟ್ಟಿ? ಜಳಕದ ನೀರು? ಧಾರವಾಡದ ಸುತ್ತಿನ ಹಳ್ಳಿಗಳಲ್ಲಿ ಎಷ್ಟೋ ಮನೆಯವರು ಅವಕ್ಕೆ ಇನ್ನೂ ಕಟ್ಟಿಗೆ, ಕುಳ್ಳು ಹಚ್ಚುತ್ತಾರೆ. ಒಲೆಯ ರೊಟ್ಟಿಯ ರುಚಿಯೇ ಬೇರೆ, ಅದನ್ನು ನಾವೂ ಒಪ್ಪುತ್ತೇವೆ. ಸಿಲಿಂಡರಿಗೆ ರೊಕ್ಕ ಹೊಂದಿಸುವುದೂ ಸುಲಭವಲ್ಲ.

ಆ ಒಲೆಯ ಮುಂದೆ ಕೂಡುವವರು ಯಾರು? ಸೊಸೆ ಹೊಲಕ್ಕೆ ಹೋಗುತ್ತಾಳೆ. ಮೊಮ್ಮಕ್ಕಳು ಸಾಲಿಗೆ ಹೋಗುತ್ತಾರೆ. ಮನೆಯಲ್ಲಿ ಉಳಿದ ಅಜ್ಜಿ ಒಲೆ ಊದುತ್ತಾಳೆ. ಚಳಿಗಾಲದಲ್ಲಿ ಅಜ್ಜನೂ ಬಚ್ಚಲ ಒಲೆಯ ಹತ್ತಿರ ಮೈ ಕಾಸುತ್ತಾ ಕೂಡುತ್ತಾನೆ.

ಹೊಗೆಯಲ್ಲಿ ಬಹಳ ಸಣ್ಣ ಕಣಗಳಿರುತ್ತವೆ. ತಲೆಗೂದಲಿನ ದಪ್ಪಕ್ಕೆ ಹೋಲಿಸಿದರೆ ಅದರ 20ನೇ ಪಾಲಿಗಿಂತಲೂ ಸಣ್ಣವು. ಮೂಗು ಅವನ್ನು ತಡೆಯಲಾರದು. ಸೀದಾ ಪುಪ್ಪುಸದ ತಳಕ್ಕೆ ಇಳಿಯುತ್ತವೆ. ವರ್ಷಗಟ್ಟಲೆ ಹೀಗಾದರೆ ಉಸಿರಿನ ಕೊಳವೆಗಳು ಬಾತು ಕಿರಿದಾಗುತ್ತವೆ. ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು. ಮುಂಜಾನೆ ಎದ್ದರೆ ಕೆಮ್ಮು, ಕಫ. ಡಾಕ್ಟರು ಇದಕ್ಕೆ ಸಿ.ಒ.ಪಿ.ಡಿ. ಅನ್ನುತ್ತಾರೆ. ಜನ್ಮದಲ್ಲಿ ಬೀಡಿ ಮುಟ್ಟದ ಹೆಣ್ಣುಮಕ್ಕಳಿಗೂ ಇದು ಬರುತ್ತದೆ. ಕಣ್ಣಿನ ಪೊರೆ, ಹೃದಯದ ಬೇನೆ, ಲಕ್ವ ಇವಕ್ಕೂ ಹೊಗೆ ದಾರಿ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು.

ನಮ್ಮಲ್ಲಿ ಏನಂತಾರೆ? "ವಯಸ್ಸಾತು, ಕೆಮ್ಮು ಇರೋದ." ಈ ಮಾತು ನಮಗೆ ಸೇರುವುದಿಲ್ಲ. ವಯಸ್ಸಾದವರೆಲ್ಲ ಕೆಮ್ಮುತ್ತಾರೇನು?

ಗ್ಯಾಸಿನ ಮೇಲೂ ರೊಟ್ಟಿ ಬೇಯುತ್ತದೆ, ರೂಢಿಯಾಗಬೇಕು ಅಷ್ಟೆ. ಅದು ಆಗದ ಮನೆಯಲ್ಲಿ ಒಲೆಗೆ ಹೊಗೆ ಕೊಳವೆ ಇರಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಿಂದೆಯೇ ಅಸ್ತ್ರ ಒಲೆ ಮಾಡಿದರು. ಒಂದೇ ಬೆಂಕಿಗೆ ಮೂರು ಪಾತ್ರೆ ಇಡಬಹುದು, ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ. ಆದರೆ ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ತಿರುಗಿ ಮನೆಯೊಳಗೇ ಬರುತ್ತದೆ. ಆಗಾಗ ಮಸಿ ತೆಗೆಯಬೇಕು. ಹಸಿ ಕಟ್ಟಿಗೆ ಹಚ್ಚಬೇಡಿರಿ. ಬೆಳಕಿಂಡಿ ಮುಚ್ಚಬೇಡಿರಿ. ಅಜ್ಜ ಮೈ ಕಾಸುವುದಿದ್ದರೆ ಅಂಗಳದಲ್ಲಿ ಬಿಸಿಲಿದೆಯಲ್ಲ!

ಒಂದು ಮಾತು ಮರೆಯಬೇಡಿರಿ. ಚಳಿ ಅಂತ ಕೆಂಡದ ಶೇಗಡಿ ಇಟ್ಟು, ಬಾಗಿಲು ಹಾಕಿ ಮಲಗಬಾರದು. ಕೆಂಡದಿಂದ ಬರುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು.

ಈಗಾಗಲೇ ದಮ್ಮು ಇದ್ದವರನ್ನು ಮೂಲೆಯಲ್ಲಿ ಕೂಡಿಸಬೇಡಿರಿ. ಧಾರವಾಡದ ಜಿಲ್ಲಾ ಆಸ್ಪತ್ರೆಗೋ, ಹುಬ್ಬಳ್ಳಿಯ ಕೆ.ಎಂ.ಸಿ.ಆರ್.ಐ. (ಹಿಂದಿನ ಕಿಮ್ಸ್) ಆಸ್ಪತ್ರೆಗೋ ಕರೆದುಕೊಂಡು ಹೋಗಿರಿ. ಕೆಮ್ಮು ಎರಡು ವಾರ ದಾಟಿದ್ದರೆ ಕಫ ಪರೀಕ್ಷೆ ಮಾಡಿಸಿರಿ, ಕ್ಷಯವೂ ಇರಬಹುದು. ಉಸಿರು ಎಷ್ಟಿದೆ ಎಂದು ನೋಡಲು ಒಂದು ಯಂತ್ರಕ್ಕೆ ಊದಿಸುತ್ತಾರೆ, ಅದರಿಂದ ನೋವಾಗುವುದಿಲ್ಲ. ಡಾಕ್ಟರು ಬೀಡಿ ಸೇದುತ್ತೀರೇನು ಅಂತ ಕೇಳುತ್ತಾರೆ. ಇಲ್ಲ ಅಂತ ಹೇಳಿ ಸುಮ್ಮನಾಗಬೇಡಿರಿ. ಎಷ್ಟು ವರ್ಷ ಒಲೆ ಊದಿದ್ದೀರಿ ಅನ್ನುವುದನ್ನೂ ಹೇಳಿರಿ.