ನೆರವಿ ಮತ್ತು ನೆರವು

ಕನ್ನಡದಲ್ಲಿ ‘ನೆರೆ’ ಎಂದರೆ ಒಟ್ಟುಗೂಡು ಎಂದರ್ಥ. ಕೂಡಿದ ಜನಸಮೂಹವನ್ನು ನಮ್ಮ ಹಿಂದಿನವರು ‘ನೆರವಿ’ ಎಂದರು. ಕಷ್ಟಕ್ಕೆ ಒದಗುವ ಸಹಾಯವನ್ನು ‘ನೆರವು’ ಎಂದರು. ಆ ನೆರವು ಮನಸ್ಸಿಗೆ ಸಮಾಧಾನ ತರುವುದಲ್ಲದೆ ಮೈಯನ್ನೂ ಕಾಯುತ್ತದೆಂಬುದು ಇಂದು ವೈದ್ಯಶಾಸ್ತ್ರ ಒಪ್ಪಿರುವ ಮಾತು.

2010ರಲ್ಲಿ ಅಮೆರಿಕದ ವಿದ್ವಾಂಸರು 148 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು, ಮೂರು ಲಕ್ಷಕ್ಕೂ ಮಿಕ್ಕ ಜನರ ವಿವರಗಳನ್ನು ಪರಿಶೀಲಿಸಿದರು. ಬಂಧುಮಿತ್ರರ ಬಳಕೆ ಗಟ್ಟಿಯಾಗಿದ್ದವರು ಬದುಕುಳಿಯುವ ಸಂಭವ, ಅದಿಲ್ಲದವರಿಗಿಂತ ಶೇಕಡಾ 50ರಷ್ಟು ಹೆಚ್ಚೆಂದು ಕಂಡುಬಂದಿತು. ಒಂಟಿತನದಿಂದಾಗಿ ವರ್ಷಕ್ಕೆ ಸುಮಾರು 8,71,000 ಮಂದಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಅಂದಾಜು ಮಾಡಿತು.

ಇದಕ್ಕೆ ಕಾರಣವೇನು? ‘ನನಗೆ ಯಾರೂ ಇಲ್ಲ’ ಎಂಬ ಆತಂಕ ಬಹುಕಾಲ ನಿಂತರೆ ರಕ್ತದ ಒತ್ತಡ ಏರುತ್ತದೆ, ನಿದ್ರೆ ಕೆಡುತ್ತದೆ, ರೋಗವನ್ನು ತಡೆಯುವ ಶಕ್ತಿ ಕುಗ್ಗುತ್ತದೆ. ಇನ್ನೊಂದು ಕಾರಣ ಸರಳವಾದುದು: ‘ಗುಳಿಗೆ ನುಂಗಿದೆಯಾ?’ ಎಂದು ಕೇಳುವವರೊಬ್ಬರು ಮನೆಯಲ್ಲಿರಬೇಕು.

ದೇವದುರ್ಗ, ಮಾನ್ವಿ ತಾಲ್ಲೂಕುಗಳಲ್ಲಿ ಕಾಲುವೆಯ ನೀರು ಮುಟ್ಟದ ಹಳ್ಳಿಗಳನ್ನು ನೋಡಿರಿ. ಸುಗ್ಗಿ ಮುಗಿದೊಡನೆ ದುಡಿಯುವ ಕೈಗಳೆಲ್ಲ ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುತ್ತವೆ. ಊರಲ್ಲಿ ಉಳಿಯುವವರು ಮುದುಕರು, ಮಕ್ಕಳು. ಮಗ ರೊಕ್ಕ ಕಳಿಸುತ್ತಾನೆ, ಫೋನಿನಲ್ಲಿ ಮಾತಾಡಿಸುತ್ತಾನೆ. ಆದರೆ ನಡುರಾತ್ರಿ ತಾಯಿಗೆ ಎದೆನೋವು ಬಂದರೆ ಅವಳನ್ನು ದವಾಖಾನೆಗೆ ಮುಟ್ಟಿಸುವವರು ಯಾರು? ಆ ಹೊತ್ತಿಗೆ ಪಕ್ಕದ ಮನೆಯವರೇ ಮಕ್ಕಳಾಗಬೇಕು.

ಕ್ಷಯರೋಗದ ಮಾತೂ ಹಾಗೆಯೇ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ತಪ್ಪದೆ ಗುಳಿಗೆ ನುಂಗಬೇಕು. ಎರಡು ತಿಂಗಳಲ್ಲಿ ಕೆಮ್ಮು ತಗ್ಗಿತೆಂದು ಬಿಟ್ಟರೆ ರೋಗ ಮರುಕಳಿಸುತ್ತದೆ, ಮದ್ದಿಗೂ ಬಗ್ಗದಂತಾಗಬಹುದು. ನೆಂಟರು ಹೆದರಿ ದೂರವಾದರೆ ರೋಗಿ ಮದ್ದನ್ನೂ ಬಿಡುತ್ತಾನೆ, ಊಟವನ್ನೂ ಬಿಡುತ್ತಾನೆ. 2022ರಲ್ಲಿ ಆರಂಭವಾದ ನಿಕ್ಷಯ ಮಿತ್ರ ಯೋಜನೆಯಂತೆ ಯಾವ ನಾಗರಿಕನೇ ಆಗಲಿ ಅಂಥ ರೋಗಿಯೊಬ್ಬನ ಪೌಷ್ಟಿಕ ಆಹಾರದ ಹೊಣೆ ಹೊರಬಹುದು.

ನೆರವು ವೈದ್ಯನ ಬದಲಿಗಲ್ಲ. ವೈದ್ಯನ ಮದ್ದು ಫಲಿಸುವುದಕ್ಕೆ ಬೇಕಾದ ನೆಲ ಅದು. ರಾಯಚೂರಿನಂಥ ಪಟ್ಟಣದಲ್ಲಿರುವ ನಮಗೆ ಇದರಲ್ಲಿ ದೊಡ್ಡ ಖರ್ಚೇನೂ ಇಲ್ಲ. ನಮ್ಮ ಓಣಿಯಲ್ಲಿ ಒಂಟಿಯಾಗಿರುವ ಹಿರಿಯರು ಯಾರೆಂದು ತಿಳಿದಿರಲಿ. ಅವರ ಮಕ್ಕಳ ಫೋನ್ ನಂಬರು ನಮ್ಮಲ್ಲಿರಲಿ, ನಮ್ಮದು ಅವರಲ್ಲಿರಲಿ. ಮುಂಜಾನೆ ಬಾಗಿಲು ತೆರೆಯದಿದ್ದರೆ ಕದ ತಟ್ಟಿ, ‘ಆರಾಮಿದ್ದೀರೇನು?’ ಎಂದು ಕೇಳೋಣ.