ಕಥೆಯ ನಾಯಕರು ಯಾರು?

(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಡಾಕ್ಟರು ವೇದಿಕೆ ಹತ್ತಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ಹೆದರಿಸುತ್ತಾರೆ, ಅದೂ ಹೋಳಿಗೆ ಊಟಕ್ಕೆ ಮುಂಚೆ, ಎಂಬ ಅಳುಕು ನಿಮಗಿರಬಹುದು. ಹೆದರಬೇಡಿ. ಇವತ್ತು ನಾನು ಮಾತನಾಡಲು ಹೊರಟಿರುವುದು ಸಿನಿಮಾ, ಟೀವಿ, ನಾಟಕಗಳ ಬಗ್ಗೆ. ಕಥೆಯ ಮುಖ್ಯ ಪಾತ್ರ ಹೆಣ್ಣಿನದೋ ಗಂಡಿನದೋ, ಅದರ ಮೈಬಣ್ಣ ಯಾವುದಿರಬೇಕು ಎಂಬುದರ ಮೇಲೆ ನಾವು ಬಂದು ನೆಲೆಸಿರುವ ಈ ಅಮೆರಿಕದಲ್ಲಿ ಬಹಳ ಕಾಲದಿಂದ ಜಗಳ ನಡೆದಿದೆ. "ಅವರ ಜಗಳ ನಮಗೇಕೆ?" ಎಂದು ನಾನೂ ಒಂದು ಕಾಲಕ್ಕೆ ಅಂದುಕೊಂಡಿದ್ದೆ. ಹಾಗೆ ಅಂದುಕೊಳ್ಳಲು ಈಗ ಆಗುತ್ತಿಲ್ಲ. ಏಕೆಂದು ಹೇಳುತ್ತೇನೆ.

ಎಂ.ಬಿ.ಬಿ.ಎಸ್. ಮುಗಿಸಿ ಊರಿನಲ್ಲಿ ಹೌಸ್ ಸರ್ಜನ್ ಆಗಿದ್ದಾಗ, ನಾನು ಬಿಳಿ ಕೋಟು ತೊಟ್ಟು, ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡು ವಾರ್ಡಿಗೆ ಹೋದರೆ ರೋಗಿಗಳು "ಸಿಸ್ಟರ್" ಎಂದು ಕೂಗುತ್ತಿದ್ದರು. ನನ್ನ ಹಿಂದೆ ಫೈಲು ಹಿಡಿದು ಬರುತ್ತಿದ್ದ ವಾರ್ಡ್‌ಬಾಯ್‌ಗೆ "ಡಾಕ್ಟ್ರೇ" ಎಂದು ಕೈ ಮುಗಿಯುತ್ತಿದ್ದರು. ಪಾಪ, ಅವನಿಗೇ ನಾಚಿಕೆಯಾಗುತ್ತಿತ್ತು. ಆಮೇಲೆ ಇಲ್ಲಿಗೆ ಬಂದು ರೆಸಿಡೆನ್ಸಿ ಮಾಡುವಾಗಲೂ ಅದೇ ಕಥೆ. ಅರ್ಧ ಗಂಟೆ ಕೂತು ರೋಗದ ವಿವರವನ್ನೆಲ್ಲ ಕೇಳಿ, ಪರೀಕ್ಷೆ ಮಾಡಿ, ಔಷಧಿ ಬರೆದು ಎದ್ದ ಮೇಲೆ ರೋಗಿ ಕೇಳುತ್ತಿದ್ದುದು, "ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ?" ನನ್ನ ಜೊತೆಗಿದ್ದ ಕಪ್ಪು ಜನಾಂಗದ ಸಹೋದ್ಯೋಗಿಯೊಬ್ಬಳನ್ನು ಊಟದ ತಟ್ಟೆ ತೆಗೆಯಲು ಬಂದವಳೆಂದು ತಿಳಿದವರೂ ಇದ್ದರು.

ಇವರ್ಯಾರೂ ಕೆಟ್ಟವರಲ್ಲ. 'ಡಾಕ್ಟರು' ಎಂದೊಡನೆ ಅವರ ಮನಸ್ಸಿನಲ್ಲಿ ಮೂಡುವ ಚಿತ್ರ ಬೇರೆ, ಅಷ್ಟೆ. ಆ ಚಿತ್ರ ಹುಟ್ಟಿನಿಂದ ಬಂದದ್ದಲ್ಲ. ನೋಡಿ ನೋಡಿ ಕೂತದ್ದು. ಮನೆ, ಶಾಲೆ, ಬೀದಿಗಳಲ್ಲಿ ನೋಡಿದ್ದರ ಜೊತೆಗೆ ತೆರೆಯ ಮೇಲೆ ನೋಡಿದ್ದೂ ಅದರಲ್ಲಿ ಸೇರಿದೆ.

ಆ ತೆರೆಯ ಮೇಲೆ ಯಾರಿದ್ದರು? 1937ರಲ್ಲಿ ಪರ್ಲ್ ಬಕ್ ಅವರ ಕಾದಂಬರಿಯನ್ನು ಆಧರಿಸಿ 'ದಿ ಗುಡ್ ಅರ್ತ್' ಎಂಬ ಚಿತ್ರ ಬಂತು. ಚೀನಾದ ರೈತ ದಂಪತಿಗಳ ಕಥೆ. ಲಾಸ್ ಏಂಜಲಿಸ್‌ನಲ್ಲೇ ಹುಟ್ಟಿದ ಚೀನೀ ಮೂಲದ ಹೆಸರಾಂತ ನಟಿ ಆನಾ ಮೇ ವಾಂಗ್ ರೈತನ ಹೆಂಡತಿಯ ಪಾತ್ರಕ್ಕೆ ಆಸೆಪಟ್ಟಿದ್ದರು. ಅದು ಸಿಕ್ಕಿದ್ದು ಲೂಯಿಸ್ ರೈನರ್ ಎಂಬ ಬಿಳಿಯ ನಟಿಗೆ. ಆ ಪಾತ್ರಕ್ಕಾಗಿ ಆಕೆಗೆ ಆಸ್ಕರ್ ಪ್ರಶಸ್ತಿಯೂ ಬಂತು. ಕಥೆ ಚೀನಾದ್ದು, ಹೊಲ ಚೀನಾದ್ದು, ಹಸಿವು ಚೀನಾದ್ದು. ಮುಖ ಮಾತ್ರ ಬೇರೆಯವರದು!

1966ರಲ್ಲಿ 'ಸ್ಟಾರ್ ಟ್ರೆಕ್' ಧಾರಾವಾಹಿ ಶುರುವಾಯಿತು. ಅದರಲ್ಲಿ ನಿಶೆಲ್ ನಿಕೋಲ್ಸ್ ಎಂಬ ಕಪ್ಪು ಜನಾಂಗದ ನಟಿ ಗಗನನೌಕೆಯ ಅಧಿಕಾರಿ ಉಹುರಾ ಪಾತ್ರ ಮಾಡಿದರು. ಮೊದಲ ವರ್ಷ ಮುಗಿದಾಗ ಬಿಟ್ಟುಬಿಡಬೇಕೆಂದುಕೊಂಡಿದ್ದ ತಮ್ಮನ್ನು ಮಾರ್ಟಿನ್ ಲೂಥರ್ ಕಿಂಗ್ ಅವರೇ ತಡೆದರೆಂದು ನಿಕೋಲ್ಸ್ ಹಲವು ಬಾರಿ ಹೇಳಿಕೊಂಡಿದ್ದಾರೆ. ಕಪ್ಪು ಹೆಂಗಸೊಬ್ಬಳು ಸೇವಕಿಯಾಗಿ ಅಲ್ಲದೆ ಅಧಿಕಾರಿಯಾಗಿ ಪ್ರತಿವಾರ ಜನರ ಮನೆಯೊಳಕ್ಕೆ ಬರುವುದರ ಬೆಲೆ ಕಿಂಗ್ ಅವರಿಗೆ ತಿಳಿದಿತ್ತು. ಮುಂದೆ ನಾಸಾ ಸಂಸ್ಥೆ ಹೆಂಗಸರನ್ನೂ ಬಿಳಿಯರಲ್ಲದವರನ್ನೂ ಗಗನಯಾತ್ರಿಗಳಾಗಲು ಆಹ್ವಾನಿಸಿದಾಗ, ಪ್ರಚಾರಕ್ಕೆ ನಿಂತದ್ದು ಇದೇ ನಿಕೋಲ್ಸ್. 1992ರಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಕಪ್ಪು ಮಹಿಳೆ ಮೇ ಜೆಮಿಸನ್. ಬಾಲ್ಯದಲ್ಲಿ ನೋಡಿದ ಉಹುರಾ ತಮಗೆ ಸ್ಫೂರ್ತಿಯಾದಳೆಂದು ಅವರೇ ಹೇಳಿದ್ದಾರೆ. ಅಂದಹಾಗೆ, ಜೆಮಿಸನ್ ವೃತ್ತಿಯಿಂದ ವೈದ್ಯೆ.

ಇನ್ನು ನಮ್ಮ ವಿಷಯ. 1990ರಲ್ಲಿ 'ದಿ ಸಿಂಪ್ಸನ್ಸ್' ಎಂಬ ಕಾರ್ಟೂನು ಧಾರಾವಾಹಿಗೆ ಅಪು ಎಂಬ ಅಂಗಡಿಯವನು ಬಂದ. ಗಣಕ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಭಾರತೀಯ. ಆದರೆ ನೋಡಿದವರಿಗೆ ನೆನಪುಳಿದದ್ದು ಅವನ ಅಂಗಡಿ ಮತ್ತು ಅವನ ಉಚ್ಚಾರಣೆ. ಆ ಉಚ್ಚಾರಣೆಯೂ ನಮ್ಮವರದಲ್ಲ. ಹ್ಯಾಂಕ್ ಅಜೇರಿಯಾ ಎಂಬ ಬಿಳಿಯ ಕಲಾವಿದನದು. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಶಾಲೆಯ ಬಸ್ಸಿನಲ್ಲಿ ಆ ಧ್ವನಿಯ ಅಣಕ ಕೇಳುತ್ತಲೇ ಬೆಳೆದರು. ಮನೆಗೆ ಬಂದು ನಮಗೆ ಹೇಳಲಿಲ್ಲ. ಹೇಳಿದ್ದರೂ "ಹೋಗಲಿ ಬಿಡು, ಓದಿನ ಕಡೆ ಗಮನ ಕೊಡು" ಎಂದಿರುತ್ತಿದ್ದೆವು. 2017ರಲ್ಲಿ ಹರಿ ಕೊಂಡಬೋಲು ಎಂಬ ಭಾರತೀಯ ಮೂಲದ ಹಾಸ್ಯಗಾರ ಇದರ ಮೇಲೊಂದು ಸಾಕ್ಷ್ಯಚಿತ್ರ ಮಾಡಿದರು. 2020ರಲ್ಲಿ ಅಜೇರಿಯಾ ಆ ಪಾತ್ರಕ್ಕೆ ಧ್ವನಿ ಕೊಡುವುದನ್ನು ಬಿಟ್ಟರು. ನಡುವೆ ಮೂವತ್ತು ವರ್ಷ!

ಈ ನಡುವೆ, 2012ರಲ್ಲಿ, ಮಿಂಡಿ ಕೇಲಿಂಗ್ ತಾವೇ ಸೃಷ್ಟಿಸಿದ ಧಾರಾವಾಹಿಯಲ್ಲಿ ಪ್ರಸೂತಿ ವೈದ್ಯೆಯ ಪಾತ್ರದಲ್ಲಿ ನಾಯಕಿಯಾದರು. ಅವರ ತಾಯಿಯೂ ಪ್ರಸೂತಿ ತಜ್ಞೆಯಾಗಿದ್ದವರು. ಆ ನಾಯಕಿ ಆದರ್ಶ ನಾರಿಯೇನಲ್ಲ. ಜಂಬದವಳು, ದುಡುಕಿನವಳು, ಪ್ರೀತಿಯಲ್ಲಿ ಸಾರಿ ಸಾರಿ ಎಡವುವವಳು. ನೋಡಿ ನನಗೆ ಸಮಾಧಾನವಾಯಿತು. ದೇವತೆಯಾಗಿ ಕೂರಿಸಿದರೂ ಕೋಡಂಗಿಯಾಗಿ ಕುಣಿಸಿದರೂ ಅಲ್ಲಿ ಮನುಷ್ಯಳಿರುವುದಿಲ್ಲ. ತಪ್ಪು ಮಾಡುವ ಸ್ವಾತಂತ್ರ್ಯ ಇರುವವಳೇ ನಿಜವಾದ ನಾಯಕಿ.

ಈಗ ಎದುರುವಾದವನ್ನೂ ಕೇಳೋಣ. 2016ರಲ್ಲಿ 'ಗೋಸ್ಟ್‌ಬಸ್ಟರ್ಸ್' ಚಿತ್ರವನ್ನು ನಾಲ್ವರು ನಾಯಕಿಯರೊಂದಿಗೆ ಮತ್ತೆ ತೆಗೆದಾಗ ಗಲಾಟೆಯಾಯಿತು. 1963ರಿಂದ ಗಂಡಸರೇ ಮಾಡುತ್ತಿದ್ದ 'ಡಾಕ್ಟರ್ ಹೂ' ಪಾತ್ರಕ್ಕೆ 2017ರಲ್ಲಿ ಜೋಡಿ ವಿಟ್ಟೇಕರ್ ಎಂಬ ನಟಿಯನ್ನು ಆರಿಸಿದಾಗ ಬ್ರಿಟನ್ನಿನಲ್ಲೂ ಗಲಾಟೆಯಾಯಿತು. 2023ರ 'ದಿ ಲಿಟಲ್ ಮರ್ಮೇಡ್' ಚಿತ್ರದಲ್ಲಿ ಮತ್ಸ್ಯಕನ್ಯೆಯಾಗಿ ಕಪ್ಪು ಜನಾಂಗದ ಹ್ಯಾಲಿ ಬೇಲಿ ಬಂದಾಗಲೂ ಹಾಗೆಯೇ. ಮತ್ಸ್ಯಕನ್ಯೆಯ ಮೈಬಣ್ಣ ಇಂಥದೇ ಎಂದು ನೋಡಿ ಬಂದವರು ಯಾರೋ ನನಗೆ ತಿಳಿಯದು! ಆದರೆ ವಿರೋಧಿಸಿದವರೆಲ್ಲ ದ್ವೇಷಿಗಳೆಂದು ನಾನು ಹೇಳಲಾರೆ. "ಹಳೆಯ ಪಾತ್ರದ ಬಣ್ಣ ಬದಲಿಸುವುದೇಕೆ, ಹೊಸ ಕಥೆ ಬರೆಯಿರಿ" ಎನ್ನುವವರಿದ್ದಾರೆ. "ಲೆಕ್ಕ ಹಾಕಿ ಪಾತ್ರ ಹಂಚಿದರೆ ಕಲೆ ಎಲ್ಲಿ ಉಳಿಯುತ್ತದೆ?" ಎನ್ನುವವರೂ ಇದ್ದಾರೆ. ಈ ಮಾತುಗಳಲ್ಲಿ ಹುರುಳಿದೆ. ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ನನ್ನ ವೃತ್ತಿಯಲ್ಲಿ.

ನಮ್ಮ ವೈದ್ಯಕೀಯ ಪುಸ್ತಕಗಳಿಗೂ ಒಬ್ಬ ಕಥಾನಾಯಕನಿದ್ದಾನೆ. ಎಪ್ಪತ್ತು ಕಿಲೋ ತೂಕದ ಗಂಡಸು. ಲೆಕ್ಕಾಚಾರಗಳೆಲ್ಲ ಅವನ ಮೈಯನ್ನು ಹಿಡಿದೇ. 1977ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ., ಗರ್ಭಿಣಿಯಾಗಬಲ್ಲ ಹೆಂಗಸರನ್ನು ಔಷಧಗಳ ಆರಂಭದ ಪ್ರಯೋಗಗಳಿಂದ ದೂರವಿಡಬೇಕೆಂದು ಸೂಚಿಸಿತು. ಹುಟ್ಟುವ ಮಗುವಿಗೆ ಹಾನಿಯಾಗದಿರಲೆಂಬುದು ಉದ್ದೇಶ, ಒಳ್ಳೆಯದೇ. 1993ರಲ್ಲಿ ಆ ನಿರ್ಬಂಧ ತೆಗೆದರು. ಆದರೆ 1992ರಲ್ಲಿ ಒಪ್ಪಿಗೆ ಪಡೆದ ಜೋಲ್ಪಿಡೆಮ್ ಎಂಬ ನಿದ್ರೆಯ ಮಾತ್ರೆಯನ್ನು ಇಪ್ಪತ್ತು ವರ್ಷ ಹೆಂಗಸರಿಗೂ ಗಂಡಸರಿಗೂ ಒಂದೇ ಪ್ರಮಾಣದಲ್ಲಿ ಕೊಟ್ಟೆವು. ಹೆಂಗಸರ ದೇಹ ಅದನ್ನು ನಿಧಾನವಾಗಿ ಹೊರಹಾಕುತ್ತದೆ. ಬೆಳಗ್ಗೆ ಕಾರು ಓಡಿಸುವ ಹೊತ್ತಿಗೂ ಅಮಲು ಉಳಿದಿರಬಹುದು. 2013ರಲ್ಲಿ ಎಫ್.ಡಿ.ಎ. ಹೆಂಗಸರ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿತು.

ಇನ್ನೊಂದು ಉದಾಹರಣೆ. ಕೋವಿಡ್ ಕಾಲದಲ್ಲಿ ನೀವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಪಲ್ಸ್ ಆಕ್ಸಿಮೀಟರ್ ಚರ್ಮದ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುತ್ತದೆ. ಮೈಬಣ್ಣ ದಟ್ಟವಾಗಿದ್ದರೆ ಅದು ತಪ್ಪು ತೋರಿಸಬಹುದು. 2020ರ ಡಿಸೆಂಬರಿನಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಯಂತ್ರ 92ರಿಂದ 96 ಎಂದು ತೋರಿಸುತ್ತಿದ್ದರೂ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದದ್ದು ಕಪ್ಪು ರೋಗಿಗಳ ಅಳತೆಗಳಲ್ಲಿ ಶೇಕಡಾ 11.7, ಬಿಳಿಯರಲ್ಲಿ 3.6. ಯಂತ್ರಕ್ಕೆ ದ್ವೇಷ ಗೊತ್ತಿಲ್ಲ. ಯಾರನ್ನು ಮುಂದಿಟ್ಟುಕೊಂಡು ಅದನ್ನು ಸಜ್ಜುಗೊಳಿಸಿದರೋ ಅವರನ್ನು ಮಾತ್ರ ಅದು ಚೆನ್ನಾಗಿ ಅಳೆಯುತ್ತದೆ.

ಕಥೆಗಳೂ ಹೀಗೆಯೇ ಎಂದು ನನಗೆ ತೋರುತ್ತದೆ. ಒಬ್ಬನೇ ನಾಯಕನನ್ನು ಮುಂದಿಟ್ಟುಕೊಂಡು ಬರೆಯುತ್ತಾ ಹೋದರೆ ಉಳಿದವರ ನೋವು ನಮ್ಮ ಅಳತೆಗೆ ಸಿಗುವುದಿಲ್ಲ. ಸೀಸೆಯ ಮೇಲಿನ ಚೀಟಿ ಬದಲಿಸಿ ಒಳಗಿನ ಪ್ರಮಾಣ ಹಾಗೇ ಉಳಿಸಿದರೂ ಪ್ರಯೋಜನವಿಲ್ಲ. ಆದ್ದರಿಂದ ಮುಖ ಬದಲಿಸಿದರೆ ಸಾಲದು, ಕಥೆ ಬರೆಯುವವರೂ ಬದಲಾಗಬೇಕು.

ಕನ್ನಡಕ್ಕೆ ಇದು ಹೊಸದಲ್ಲ. ನಮ್ಮ ಯಕ್ಷಗಾನದಲ್ಲೂ ವೃತ್ತಿ ನಾಟಕ ಕಂಪನಿಗಳ ಆರಂಭದ ದಿನಗಳಲ್ಲೂ ಹೆಣ್ಣಿನ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು, ಸೊಗಸಾಗಿಯೇ ಮಾಡುತ್ತಿದ್ದರು. ಆದರೆ ತ್ರಿವೇಣಿಯವರಂಥ ಲೇಖಕಿ ಪೆನ್ನು ಹಿಡಿದ ಮೇಲೆ ಬಂದದ್ದು 'ಶರಪಂಜರ'. ಪುಟ್ಟಣ್ಣ ಕಣಗಾಲರು ಅದನ್ನು 1971ರಲ್ಲಿ ಚಿತ್ರವಾಗಿ ತಂದರು. ಹೆರಿಗೆಯ ನಂತರ ಮನಸ್ಸು ಕದಡಿ, ಆಸ್ಪತ್ರೆಗೆ ಹೋಗಿ, ವಾಸಿಯಾಗಿ ಬಂದ ಹೆಣ್ಣನ್ನು ಮನೆಯವರೇ ಹುಚ್ಚಿಯೆಂದು ನೋಡುವ ಕಥೆ. ಕಲ್ಪನಾ ಅವರ ಕಾವೇರಿಯನ್ನು ನೋಡಿದವರು ಮರೆಯಲಾರರು. ಬಾಣಂತಿಯರ ಮನೋರೋಗದ ಬಗ್ಗೆ ನಾನು ಹತ್ತು ಭಾಷಣ ಮಾಡಿದರೂ ಆಗದ ಕೆಲಸವನ್ನು ಆ ಒಬ್ಬ ನಾಯಕಿ ಮಾಡಿದಳು.

ಕೊನೆಯದಾಗಿ, ಹೇಳಲು ಸಂಕೋಚವಾಗುವ ಒಂದು ಮಾತು. ಕೆಲವು ವರ್ಷಗಳ ಹಿಂದೆ ಕನ್ನಡಿಗರ ಒಂದು ಹಬ್ಬದ ಸಮಾರಂಭದಲ್ಲಿ ಹಾಸ್ಯನಾಟಕ ನಡೆಯಿತು. ನಾಯಕಿಗೆ ಎರಡು ಪದರ ಪೌಡರು. ಮನೆಯಾಳಿನ ಪಾತ್ರದವನಿಗೆ ಮುಖದ ತುಂಬ ಮಸಿ. ಅವನು ರಂಗದ ಮೇಲೆ ಬಂದೊಡನೆ, ಒಂದು ಮಾತೂ ಆಡುವ ಮೊದಲೇ, ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ನನ್ನ ಪಕ್ಕದಲ್ಲಿ ಕೂತಿದ್ದವಳು ನಮ್ಮವರೊಬ್ಬರ ಸೊಸೆ, ಕಪ್ಪು ಜನಾಂಗದ ಹುಡುಗಿ. ಅತ್ತೆ ಕೊಟ್ಟ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಅರ್ಥವಾಗದ ಭಾಷೆಯ ನಾಟಕಕ್ಕೆ ಆಸೆಯಿಂದ ಬಂದಿದ್ದಳು. ಆ ನಗುವಿನ ನಡುವೆ ಅವಳು ತಲೆ ತಗ್ಗಿಸಿ, ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆಯನ್ನು ಸಣ್ಣದಾಗಿ ಮಡಿಸುತ್ತಾ ಕೂತಳು. ನಾಟಕದಲ್ಲಿ ಅವಳಿಗೆ ಅರ್ಥವಾದದ್ದು ಅದೊಂದೇ ದೃಶ್ಯ.

ಅಪು ಬಗ್ಗೆ ಸಿಟ್ಟಾಗುವ ನಾನೇ ಅಲ್ಲವೇ ಅವತ್ತು ನಕ್ಕದ್ದು? ನಾನು ಅವಳ ಕ್ಷಮೆ ಕೇಳಲಿಲ್ಲ. ಧೈರ್ಯ ಬರಲಿಲ್ಲ. ಇವತ್ತು ನಿಮ್ಮೆದುರು ಹೇಳಿ ಆ ಭಾರ ಸ್ವಲ್ಪ ಇಳಿಸಿಕೊಳ್ಳುತ್ತಿದ್ದೇನೆ.

ಹಾಲಿವುಡ್ಡನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಈ ವೇದಿಕೆ ನಮ್ಮದು. ಇದರ ಪರದೆ ಎಳೆಯುವವರು ನಾವೇ. ಮುಂದಿನ ವರ್ಷದ ನಾಟಕಕ್ಕೆ ಮೇಕಪ್ ಡಬ್ಬಿಯಿಂದ ಆ ಮಸಿಯನ್ನು ತೆಗೆದಿಡೋಣ. ಇಲ್ಲಿ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಕುಣಿತದ ಜೊತೆಗೆ ಒಂದು ನಾಟಕ ಬರೆಯುವ ಕೆಲಸವನ್ನೂ ಕೊಡೋಣ. ಅವರ ಕನ್ನಡದಲ್ಲಿ ಒತ್ತಕ್ಷರ ತಪ್ಪಿದರೆ ನಾವು ತಿದ್ದಿಕೊಡೋಣ. ಆ ನಾಟಕದ ದಿನ ಆ ಸೊಸೆಯ ಮನೆಗೆ ನಾನೇ ಹೋಗಿ ಕರೆಯುತ್ತೇನೆ. ಅವಳು ಬರುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು.

ಇಷ್ಟು ಹೊತ್ತು ಹಸಿವು ತಡೆದುಕೊಂಡು ಕೇಳಿದಿರಿ. ಹೋಳಿಗೆ ಆರುತ್ತಿದೆ, ಇವತ್ತೊಂದು ದಿನ ಡಾಕ್ಟರ ಅಪ್ಪಣೆಯಿದೆ, ಸಂತೋಷದಿಂದ ಊಟ ಮಾಡಿ.

ಸಿರಿಗನ್ನಡಂ ಗೆಲ್ಗೆ.