ಕೋವಿಯ ಮೇಲಿನ ಹೆಸರು



ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಆರಂಭವಾಯಿತು. ಅಲ್ಲಿನ ಹಳೆಯ ಹೆಂಚೇನಾದರೂ ನಿಮ್ಮ ಮನೆಯ ಮಾಡಿನಲ್ಲಿದ್ದರೆ ಇಳಿಸಿ, ಮಗುಚಿ ನೋಡಿ. ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಆದರೆ ಮಣ್ಣು ಹದ ಮಾಡಿದವರ, ಬೆಂಕಿಯ ಮುಂದೆ ನಿಂತವರ ಹೆಸರು ಇರುವುದಿಲ್ಲ. ಮಾಡಿದ ವಸ್ತುವಿನ ಮೇಲೆ ಯಾರ ಹೆಸರು ಉಳಿಯುತ್ತದೆ? ಈ ಪ್ರಶ್ನೆಯನ್ನು ಹಿಡಿದುಕೊಂಡೇ ಹದಿನೆಂಟನೆಯ ಶತಮಾನಕ್ಕೆ ಹೋಗಿ, ಆಗಿನ ಕೋವಿ ತಯಾರಕರ ದುಡಿಮೆಯನ್ನು ನೋಡೋಣ.

ಅಂದು ಕೋವಿಯ ನಳಿಗೆ ತಯಾರಾಗುತ್ತಿದ್ದುದು ಸುತ್ತಿಗೆಯ ಏಟಿನಿಂದ. ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಬೆಳ್ಳಗಾಗುವಂತೆ ಕಾಯಿಸಿ, ಸಲಾಕೆಯ ಸುತ್ತ ಮಡಿಸಿ, ಅಂಚಿಗೆ ಅಂಚು ಕೂಡುವಂತೆ ಬಡಿಯಬೇಕು. ಬಳಿಕ ಒಳಮೈಯನ್ನು ಕೊರೆದು ನಯ ಮಾಡಬೇಕು. ಬೆಸುಗೆಯಲ್ಲಿ ಕೂದಲೆಳೆಯಷ್ಟು ದೋಷ ಉಳಿದರೂ ಮದ್ದು ಹೊತ್ತಿಕೊಂಡಾಗ ನಳಿಗೆ ಸಿಡಿದು, ಹಾರಿಸಿದವನ ಕೈಯೇ ಹೋದೀತು. ಆದ್ದರಿಂದಲೇ ಲಂಡನ್ನಿನಲ್ಲಿ ಹೆಚ್ಚು ಮದ್ದು ತುಂಬಿ ಹಾರಿಸಿ ಪರೀಕ್ಷಿಸಿದ ಮೇಲೆ ನಳಿಗೆಗೆ ಮುದ್ರೆ ಒತ್ತುತ್ತಿದ್ದರು. ಮುದ್ರೆಯೆಂದರೆ ಅಲಂಕಾರವಲ್ಲ, ಅದು ಹೊಣೆ.

ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಒಂದು ಕೋವಿ ಒಬ್ಬನ ಕೆಲಸವಾಗಿರಲಿಲ್ಲ. ನಳಿಗೆ ಬಡಿಯುವವನು ಒಬ್ಬ, ಚಕಮಕಿಯ ಕೀಲನ್ನು ಅರದಿಂದ ಉಜ್ಜಿ ಹೊಂದಿಸುವವನು ಇನ್ನೊಬ್ಬ, ಮರದ ಹಿಡಿ ಕೆತ್ತುವವನು ಮತ್ತೊಬ್ಬ. ಈಸ್ಟ್ ಇಂಡಿಯಾ ಕಂಪನಿಗೆ ಸೇರಿದ ಕೋವಿಯ ಮೇಲೆ ಕಾಣುತ್ತಿದ್ದುದು ಕಂಪನಿಯ ಹೃದಯಾಕಾರದ ಗುರುತು. ಅಲ್ಲಿನ ಕೋವಿ ಉದ್ಯಮಿ ಸ್ಯಾಮ್ಯುಯೆಲ್ ಗಾಲ್ಟನ್ ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವನು. 1795ರಲ್ಲಿ ಪಂಥದವರು ಅವನ ಉದ್ಯಮವನ್ನು ಆಕ್ಷೇಪಿಸಿದರು. ಇದು ಹಿರಿಯರಿಂದ ಬಂದ ಕಸುಬು. ತೆರಿಗೆ ಕೊಡುವ ಪ್ರತಿಯೊಬ್ಬರೂ ಯುದ್ಧದಲ್ಲಿ ಪಾಲುದಾರರೇ ಎಂಬುದು ಅವನ ವಾದವಾಗಿತ್ತು. ಹೊಣೆ ಯಾರದೆಂಬ ಪ್ರಶ್ನೆ ಅಲ್ಲಿಯೂ ಎದ್ದಿತ್ತು, ನೋಡಿ.

ಅದೇ ಕಾಲದಲ್ಲಿ ನಮ್ಮ ಶ್ರೀರಂಗಪಟ್ಟಣದ ಕುಲುಮೆಗಳೂ ಉರಿಯುತ್ತಿದ್ದವು. 1787ರಲ್ಲಿ ಫ್ರಾನ್ಸಿಗೆ ರಾಯಭಾರಿಗಳನ್ನು ಕಳುಹಿಸಿದ ಟಿಪ್ಪು ಸುಲ್ತಾನ, ಅಲ್ಲಿನ ಕುಶಲಕರ್ಮಿಗಳನ್ನೂ ಬಯಸಿದ್ದ. ಆದರೆ ಅವನ ಖಾಸಾ ಕೋವಿಗಳಲ್ಲಿ ಇಲ್ಲಿಯ ಕೈಚಳಕ ಎದ್ದು ಕಾಣುತ್ತದೆ. ಲೋಹದ ಮೇಲೆ ಹುಲಿಯ ಪಟ್ಟೆಗಳು, ಕೀಲಿನಲ್ಲಿ ಹುಲಿಯ ಮುಖ, ಜೊತೆಗೆ ತಯಾರಾದ ಊರು ಮತ್ತು ವರ್ಷ. ವರ್ಷವನ್ನು ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯಲ್ಲಿ ಬರೆದಿದ್ದು, ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು.

ಇನ್ನೊಂದು ವಿಶೇಷವಿದೆ. ಇಂತಹ ಕೆಲವು ಕೋವಿಗಳ ಮೇಲೆ ಮಾಡಿದವನ ಹೆಸರೂ ಇದೆ: ಅಸದ್ ಖಾನ್ ಮುಹಮ್ಮದ್, ಸೈಯದ್ ಮಾಸೂಮ್. ದೊರೆ ಹೆಗಲಿಗೇರಿಸುವ ಕೋವಿಗೆ ಹೆಸರು ಹಾಕುವುದು ಹೆಮ್ಮೆಯ ಮಾತು. ನಳಿಗೆ ಸಿಡಿದರೆ ಉತ್ತರ ಹೇಳಬೇಕಾದವನೂ ಅವನೇ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ. ಅವನ ಕೋವಿಗಳಲ್ಲಿ ಹಲವು ಕೊಳ್ಳೆಯ ವಸ್ತುಗಳಾಗಿ ಇಂಗ್ಲೆಂಡಿಗೆ ಹಡಗೇರಿದವು. ಹೀಗೆ ಇಬ್ಬರು ಕಸುಬುದಾರರ ಹೆಸರು ಕಡಲಾಚೆಯ ವಸ್ತುಸಂಗ್ರಹಾಲಯಗಳಿಗೆ ತಲುಪಿತು. ಅವರ ಕುಲುಮೆಗೆ ತಿದಿ ಒತ್ತಿದವರ ಹೆಸರು ಎಲ್ಲಿಗೂ ತಲುಪಲಿಲ್ಲ.

ಆದ್ದರಿಂದ ಓದುಗರೇ, ಸಂಗ್ರಹಾಲಯದಲ್ಲಿ ಹಳೆಯ ಆಯುಧವೊಂದನ್ನು ಕಂಡಾಗ ಯಾವ ದೊರೆಯದೆಂದು ಕೇಳುವಷ್ಟಕ್ಕೇ ನಿಲ್ಲಬೇಡಿ. ಬಾಗಿ, ಕೀಲಿನ ಪಕ್ಕದ ಸಣ್ಣ ಅಕ್ಷರಗಳನ್ನೂ ನೋಡಿ. ದುಡಿದವನೊಬ್ಬ ತನ್ನ ಕೆಲಸಕ್ಕೆ ತಾನೇ ಜಾಮೀನು ನಿಂತ ಗುರುತು ಅಲ್ಲಿರಬಹುದು.